ಗುಟ್ಟು ಇರಬೇಕಾದ್ದು ರೋಗಿಯ ಹೆಸರಿಗೆ, ರೋಗಕ್ಕಲ್ಲ

‘ಗುಪ್ತರೋಗ’. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಒಂದೇ ಪದ. ಊರಿಂದ ಪುಣೆಗೆ ಬಂದಿಳಿದ ಮೊದಲ ವಾರದಲ್ಲೇ ನಮ್ಮ ಹುಡುಗರಿಗೆ ಅರ್ಥವಾಗಿಬಿಡುವ ಪದ. ಬಸ್ ನಿಲ್ದಾಣದ ಗೋಡೆ, ರೈಲ್ವೆ ಹಳಿಯ ಪಕ್ಕದ ಕಾಂಪೌಂಡು, ಸಾರ್ವಜನಿಕ ಶೌಚಾಲಯದ ಬಾಗಿಲು, ಎಲ್ಲೆಲ್ಲೂ ಅದೇ ಜಾಹೀರಾತು, ಕೆಳಗೊಂದು ಮೊಬೈಲ್ ನಂಬರು. ರೋಗದ ಹೆಸರಿನಲ್ಲೇ ‘ಗುಪ್ತ’ ಅಂತ ಸೇರಿಸಿಬಿಟ್ಟರೆ ಅದನ್ನು ಬಾಯಿಬಿಟ್ಟು ಹೇಳುವವರು ಯಾರು? ಈ ತಿಂಗಳ ಅಂಕಣ ಅದರ ಬಗ್ಗೆ. ಮಕ್ಕಳು ಪಕ್ಕದಲ್ಲಿದ್ದರೆ ಆಮೇಲೆ ಓದೋಣ ಅಂತ ಮುಚ್ಚಿಡಬೇಡಿ. ಹದಿನೈದು ದಾಟಿದ್ದರೆ ಅವರಿಗೂ ಓದಲು ಕೊಡಿ.

ಯೆರವಡಾ ಅಂದಕೂಡಲೇ ಹೊರಗಿನವರಿಗೆ ಜೈಲು ನೆನಪಾಗುತ್ತದೆ, ಇಲ್ಲಾ ಮನೋರೋಗಿಗಳ ಆಸ್ಪತ್ರೆ. ಇಲ್ಲಿ ಓಡಾಡುವವರಿಗೆ ಗೊತ್ತು, ಇಲ್ಲಿ ಎರಡು ಊರಿವೆ. ಒಂದು ಕಾಮರ್‌ಜೋನ್‌ನಂಥ ಐಟಿ ಪಾರ್ಕುಗಳ, ಪೀಜಿಗಳ ಊರು. ಇನ್ನೊಂದು ಲಕ್ಷ್ಮೀನಗರದಂಥ ಒತ್ತೊತ್ತಾದ ವಸತಿಗಳ ಊರು. ಕನ್ನಡ ಮಾತಾಡುವವರು ಎರಡರಲ್ಲೂ ಇದ್ದಾರೆ. ಬೆಂಗಳೂರು, ಹುಬ್ಬಳ್ಳಿಯಿಂದ ಸಾಫ್ಟ್‌ವೇರಿಗೆ ಬಂದವರು ಒಂದು ಕಡೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರು ಇನ್ನೊಂದು ಕಡೆ. ಸಂಬಳ, ಊಟ, ಮನೆ ಎಲ್ಲವೂ ಬೇರೆ. ಮೂತ್ರ ಮಾಡುವಾಗ ಉರಿ ಶುರುವಾದರೆ, ಬಿಳಿ ಸೆರಗು ಹೆಚ್ಚಾದರೆ, ಗುಪ್ತಾಂಗದಲ್ಲಿ ಹುಣ್ಣು ಕಂಡರೆ ಮಾತ್ರ ಇಬ್ಬರೂ ಮಾಡುವುದು ಒಂದೇ: ಯಾರಿಗೂ ಹೇಳುವುದಿಲ್ಲ.

ಹೇಳದೆ ಏನು ಮಾಡುತ್ತಾರೆ? ಗಾರೆ ಕೆಲಸದ ಹುಡುಗ ಮೆಡಿಕಲ್ ಶಾಪಿನಲ್ಲಿ ಜನ ಕಮ್ಮಿಯಾಗುವ ತನಕ ಕಾದು ನಾಲ್ಕು ಗುಳಿಗೆ ಕೊಳ್ಳುತ್ತಾನೆ. ಐಟಿ ಹುಡುಗ ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಹುಡುಕಿ ಆನ್‌ಲೈನಲ್ಲಿ ತರಿಸುತ್ತಾನೆ. ಉರಿ ಕಮ್ಮಿಯಾದರೆ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಇಲ್ಲೇ ಅಪಾಯ. ಸಿಫಿಲಿಸ್‌ನ ಮೊದಲ ಹುಣ್ಣು ಔಷಧ ಇಲ್ಲದೆಯೂ ತಾನಾಗಿ ಮಾಯುತ್ತದೆ, ಆದರೆ ಸೋಂಕು ಮೈಯಲ್ಲೇ ಉಳಿಯುತ್ತದೆ. ಅರ್ಧ ಕೋರ್ಸ್ ಆ್ಯಂಟಿಬಯಾಟಿಕ್ ನುಂಗುವ ಅಭ್ಯಾಸದಿಂದ ಗೊನೋರಿಯಾದ ರೋಗಾಣು ಒಂದೊಂದೇ ಔಷಧಕ್ಕೆ ಬಗ್ಗದಂತಾಗಿದೆ. ಕ್ಲಾಮಿಡಿಯಾ ಹೆಚ್ಚಿನ ಹೆಣ್ಣುಮಕ್ಕಳಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ವರ್ಷಗಳ ನಂತರ ಮಕ್ಕಳಾಗದಿದ್ದಾಗ, ಆ ಸೋಂಕಿನಿಂದ ಗರ್ಭನಾಳ ಮುಚ್ಚಿಹೋಗಿರುವುದು ಗೊತ್ತಾಗಬಹುದು. ಸರಿಯಾದ ಸಮಯಕ್ಕೆ ತೋರಿಸಿದರೆ ಈ ಮೂರೂ ವಾಸಿಯಾಗುವ ರೋಗಗಳು.

ಹಾಗಿದ್ದರೆ ಆಸ್ಪತ್ರೆ ದೂರವೇ? ಅಲ್ಲ. ಯೆರವಡಾದಲ್ಲೇ ಪಾಲಿಕೆಯ ರಾಜೀವ್ ಗಾಂಧಿ ಆಸ್ಪತ್ರೆ ಇದೆ. ನದಿ ದಾಟಿದರೆ ಸಸೂನ್ ಆಸ್ಪತ್ರೆ. ದೂರ ಇರುವುದು ಮಾತು. ಹರಕು ಹಿಂದಿಯಲ್ಲಿ ಜ್ವರ, ಬೇಧಿ ಹೇಳಬಹುದು. ಇದನ್ನು ಹೇಳಲಾಗುವುದಿಲ್ಲ. ಆಗ ಜೊತೆಗೆ ಬರುವವನು ಮೇಸ್ತ್ರಿ. ಅವನು ಅದೇ ಊರಿನವನು. ಚೀಟಿ ಬರೆಸಿಕೊಂಡು ರೂಮಿಗೆ ಬರುವಷ್ಟರಲ್ಲಿ ಸುದ್ದಿ ಸೇಡಂ ತಲುಪಿರುತ್ತದೆ. ಹೆಂಗಸರಿಗೆ ಗಂಡ ದುಭಾಷಿ, ಇಲ್ಲಾ ಮರಾಠಿ ಶಾಲೆಗೆ ಹೋಗುವ ಹತ್ತು ವರ್ಷದ ಮಗಳು. ಆ ಮಗಳ ಬಾಯಿಂದ ತಾಯಿ ಏನು ಹೇಳಿಸಿಯಾಳು? ಐಟಿಯವರ ಭಯ ಬೇರೆ: ಪೀಜಿ ಮಾಲೀಕನಿಗೆ ತಿಳಿದರೆ, ಆಫೀಸಿನ ಇನ್ಶೂರೆನ್ಸಿನಲ್ಲಿ ಬಿಲ್ಲು ತೋರಿಸಿದರೆ ಎಚ್‌ಆರ್‌ಗೆ ಗೊತ್ತಾದರೆ?

ಇದು ಒಬ್ಬೊಬ್ಬರ ಖಾಸಗಿ ವಿಷಯ, ನಮಗ್ಯಾಕೆ ಅನ್ನುವವರಿಗೆ ನಮ್ಮ ಪುಣೆಯದೇ ಲೆಕ್ಕವಿದೆ. 1993ರಿಂದ 1996ರ ತನಕ, ಭೋಸರಿಯಲ್ಲಿದ್ದ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯವರು ಪುಣೆಯ ಲೈಂಗಿಕ ರೋಗಗಳ ಕ್ಲಿನಿಕ್ಕುಗಳಿಗೆ ಬಂದ ಹೆಂಗಸರನ್ನು ಪರೀಕ್ಷಿಸಿದರು. ಲೈಂಗಿಕ ವೃತ್ತಿಯಲ್ಲಿಲ್ಲದ ಹೆಂಗಸರಲ್ಲೂ 13.6 ಶೇಕಡಾ ಮಂದಿಗೆ ಎಚ್‌ಐವಿ ಇತ್ತು. ಅವರಲ್ಲಿ ಹೆಚ್ಚಿನವರು ಮದುವೆಯಾದವರು, ಗಂಡನನ್ನು ಬಿಟ್ಟು ಬೇರೆಯವರನ್ನು ಅರಿಯದವರು. ಗಂಡ ಮುಚ್ಚಿಟ್ಟ ಗುಟ್ಟಿನ ಸಾಲ ಹೆಂಡತಿಯ ತಲೆಗೆ ಬಂದಿತ್ತು. ಸಾರ್ವಜನಿಕ ಆರೋಗ್ಯ ಅಂದರೆ ಇದೇ.

ಇವೆಲ್ಲ ನಮ್ಮ ಸಂಸ್ಕೃತಿಯಲ್ಲ ಅನ್ನುವ ಮಾತೂ ಬರುತ್ತದೆ. ಸ್ವಲ್ಪ ಹಿಂದೆ ನೋಡಿ. ಪುಣೆಯ ಮಹರ್ಷಿ ಕರ್ವೆಯವರ ಮಗ ರಘುನಾಥ ಧೋಂಡೊ ಕರ್ವೆ 1921ರಲ್ಲೇ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. 1927ರಿಂದ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಪತ್ರಿಕೆ ನಡೆಸಿದರು. ಅದರಲ್ಲಿ ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದಕ್ಕೆ ಅಶ್ಲೀಲದ ಮೊಕದ್ದಮೆ ಬಿತ್ತು. 1934ರಲ್ಲಿ ಅವರ ಪರ ವಾದಿಸಿದ ವಕೀಲರು ಡಾ. ಅಂಬೇಡ್ಕರ್. ಅದಕ್ಕೆ ಎರಡು ವರ್ಷ ಮೊದಲು ಇದೇ ಯೆರವಡಾ ಜೈಲಿನಲ್ಲಿ ಗಾಂಧೀಜಿಯೊಂದಿಗೆ ಪೂನಾ ಒಪ್ಪಂದದ ಮಾತುಕತೆ ನಡೆಸಿದವರು. ಇತ್ತ ನಮ್ಮ ಮೈಸೂರು ಸರ್ಕಾರ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳಿಗೆ ಅನುಮತಿ ಕೊಟ್ಟಿತ್ತು. ಆಮೇಲೆ ಡಾ. ಅನುಪಮಾ ನಿರಂಜನ ‘ಕೇಳು ಕಿಶೋರಿ’ ಬರೆದರು. ನಮ್ಮ ಅಕ್ಕಂದಿರು ಅದನ್ನು ಓದಿಯೇ ಬೆಳೆದರು.

ಅಂಥ ಎರಡು ರಾಜ್ಯಗಳು 2007ರಲ್ಲಿ ಏನು ಮಾಡಿದವು? ಶಾಲೆಗಳಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಎದ್ದಾಗ ಅದನ್ನು ನಿಲ್ಲಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಇದ್ದವು. ಆಗ ಹೈಸ್ಕೂಲಿನಲ್ಲಿದ್ದ ಮಕ್ಕಳು ಇವತ್ತು ಮೂವತ್ತು ದಾಟಿದ್ದಾರೆ, ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇರುವುದು 21.6 ಶೇಕಡಾ ಹೆಂಗಸರಿಗೆ, 30.7 ಶೇಕಡಾ ಗಂಡಸರಿಗೆ ಮಾತ್ರ.

ಈಗ ಉಪಯೋಗಕ್ಕೆ ಬರುವ ಮಾತು. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಆಪ್ತಸಲಹೆಯೂ ಉಂಟು. ಲೈಂಗಿಕ ಸೋಂಕುಗಳಿಗೆ ‘ಸುರಕ್ಷಾ’ ಕ್ಲಿನಿಕ್ಕುಗಳಿವೆ. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗೆ ಕರ್ನಾಟಕದಲ್ಲಿ ‘ಸ್ನೇಹ’, ಮಹಾರಾಷ್ಟ್ರದಲ್ಲಿ ‘ಮೈತ್ರಿ’ ಕ್ಲಿನಿಕ್. ಹೆಸರು ಎರಡು, ಅರ್ಥ ಒಂದೇ. 1097ಕ್ಕೆ ಕರೆ ಉಚಿತ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ಕನ್ನಡ ಬೇಕು ಅಂತ ಕೇಳಿ. ಎಚ್‌ಐವಿ ಸೋಂಕು ತಗಲಿರಬಹುದು ಎಂಬ ಅನುಮಾನ ಬಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಔಷಧವಿದೆ. ಸೋಮವಾರ ನೋಡೋಣ ಅಂತ ಕೂರಬೇಡಿ. ಗರ್ಭ ತಡೆಯುವ ತುರ್ತು ಗುಳಿಗೆ ಸೋಂಕು ತಡೆಯುವುದಿಲ್ಲ, ಕಾಂಡೋಮ್ ಎರಡನ್ನೂ ತಡೆಯಬಲ್ಲದು. ಚಿಕಿತ್ಸೆ ಸಂಗಾತಿಗೂ ಆಗಬೇಕು, ಇಲ್ಲದಿದ್ದರೆ ಸೋಂಕು ಮತ್ತೆ ತಿರುಗಿ ಬರುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿಗೆ ನಮ್ಮ ಹಡಪ್ಸರದ ಸೀರಂ ಸಂಸ್ಥೆಯೇ ‘ಸರ್ವಾವ್ಯಾಕ್’ ಲಸಿಕೆ ತಯಾರಿಸುತ್ತದೆ. ಒಂಬತ್ತು ತುಂಬಿದ ಮಗಳಿದ್ದರೆ ವೈದ್ಯರನ್ನು ಕೇಳಿ.

ಗುಟ್ಟಿನ ಬಗ್ಗೆ ಕಾನೂನೂ ಇದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಅದರ ನೆಪದಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಮೇಸ್ತ್ರಿಯ ಬಾಯಿಗೆ ಯಾವ ಕಾನೂನು ಬೀಗ ಹಾಕೀತು?

ಅಲ್ಲಿ ನಾವು ಬೇಕು. ಮರಾಠಿ, ಹಿಂದಿ ಎರಡೂ ಬಲ್ಲ, ರೋಗಿಯ ಊರಿನವರಲ್ಲದ, ಬಾಯಿ ಬಿಗಿಯಿರುವ ಕನ್ನಡಿಗ ಒಬ್ಬ, ಕನ್ನಡತಿ ಒಬ್ಬಳು ತಿಂಗಳಿಗೆ ಎರಡು ಬೆಳಗ್ಗೆ ಆಸ್ಪತ್ರೆಯಲ್ಲಿ ದುಭಾಷಿಯಾಗಿ ನಿಂತರೆ ಸಾಕು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಗಾಯಕರನ್ನು ಕರೆಸುತ್ತವೆ, ಸಂತೋಷ. ವರ್ಷಕ್ಕೊಮ್ಮೆ ಒಬ್ಬ ಕನ್ನಡದ ಡಾಕ್ಟರನ್ನೂ ಕರೆಸಲಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿಸಲಿ. ಚೀಟಿ ಎಷ್ಟು ಬೀಳುತ್ತವೆ ನೋಡಿ, ಆಮೇಲೆ ಹೇಳಿ ಇದು ನಮ್ಮವರ ಸಮಸ್ಯೆಯೋ ಅಲ್ಲವೋ ಅಂತ.