ಮೂಗಿಗೂ ಪಗಾರ ಕೊಡ್ರಿ

ವೈನ್ ರುಚಿ ನೋಡೋದೂ ಒಂದು ನೌಕರಿ ಐತಿ, ಕೇಳೀರಿಲ್ಲೋ? ಗ್ಲಾಸ್ ತಿರುವಿ ಬಣ್ಣ ನೋಡ್ತಾರ, ಮೂಸ್ತಾರ, ಒಂದು ಗುಟುಕು ಬಾಯಾಗ ಆಡಿಸಿ ಉಗುಳಿಬಿಡ್ತಾರ. ನುಂಗಿಕೋತ ಹೋದ್ರ ತಲಿ ತಿರುಗಿ ಕೆಲಸ ಕೆಡತೈತಿ. ದಿನಾ ಹತ್ತಾರು ಗ್ಲಾಸ್ ನೋಡಿದ್ರ ನಾಲಿಗಿ ಜಡ್ಡಗಟ್ಟತೈತಿ, ಹುಳಿಗೆ ಹಲ್ಲು ಜುಮ್ ಅಂತಾವ. ಅದೂ ದುಡಿಮಿನ, ಇಲ್ಲ ಅನ್ನಂಗಿಲ್ಲ. ನಮ್ಮ ಕಾಫಿ ಬೋರ್ಡಿನವರಂತೂ ಕಾಫಿ ಗುಣಮಟ್ಟ ತಿಳಿಯಾಕ ಡಿಪ್ಲೊಮಾನ ಇಟ್ಟಾರ.

ನನ್ನ ತಕರಾರು ಬ್ಯಾರೆ. ಅವರ ನಾಲಿಗಿ ವಿದ್ಯೆ ಆದ್ರ, ನಮ್ಮ ಬ್ಯಾಡಗಿ ಹೆಣಮಕ್ಕಳ ಕಣ್ಣು, ಮೂಗು, ಬೆರಳು ಯಾಕ ಬರೇ ಕೂಲಿ?

ಡಬ್ಬಿ ಕಾಯಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗ, ಬೀಜ ಕಡಿಮಿ. ಖಾರ ಅಷ್ಟಕ್ಕಷ್ಟ, ಬಣ್ಣ ಮಾತ್ರ ಕೆಂಡ. 2011ರಾಗ ಇದಕ್ಕ ಜಿಐ ಗುರುತು ಸಿಕ್ತು. ಇದರಾಗಿನ ಬಣ್ಣದ ಎಣ್ಣಿ ಲಿಪ್‌ಸ್ಟಿಕ್ಕಿಗೂ ಹೋಗತೈತಿ. ಆದ್ರ ತುಂಬು ಬಿಡಿಸಿ, ಬಿಳಚಿದ್ದು, ಬೂಸ್ಟು ಹಿಡದದ್ದು, ಹಸಿ ಉಳದದ್ದು ಆರಿಸಿ ತಗಿಯೋ ಅಕ್ಕನ ಕೈಗೆ ಯಾವ ಗುರುತೂ ಇಲ್ಲ.

ಹೊಸ ಕಾಯಿ ರಾಶಿ ಮುಂದ ಕುಂತ್ರ ಆ ಸೀ ವಾಸನಿಗೆ ಮನಸು ಅರಳತೈತಿ, ಖರೆ. ಮಧ್ಯಾಹ್ನದೊಳಗ ಅದ ವಾಸನಿ ಘಾಟಾಗಿ ಸೀನು, ಕೆಮ್ಮು, ಕಣ್ಣೀರು. ಸಂಜಿಕ ಕೈ ಉರಿ. ಕೂಸಿನ ಮಾರಿ ಮುಟ್ಟಂಗಿಲ್ಲ. ವೈನಿನವರು ಉಗುಳಬಹುದು, ಘಾಟು ಉಗುಳಾಕ ಬರತೈತೇನ್ರಿ?

“ಅದಕ್ಕೇನು ವಿದ್ಯಾ ಬೇಕು, ಎಲ್ಲಾ ಹೆಂಗಸರಿಗೂ ಬರತೈತಿ” ಅಂತಾರ. ಎಲ್ಲಾರಿಗೂ ಬರತೈತಿ ಅಂದ್ರ ಎಲ್ಲಾರೂ ಕಲತಾರ ಅಂತ, ಪುಕಟಿ ಬಂದೈತಿ ಅಂತಲ್ಲ. “ಬಣ್ಣ ಅಳಿಯಾಕ ಮಷೀನ್ ಐತಲ್ಲ” ಅಂತಾರ. ಮಷೀನ್ ತನ್ನ ಬಾಯಿಗೆ ಹಾಕಿದ ಒಂದು ಹಿಡಿ ಪುಡಿ ಅಳೀತೈತಿ. ಅಕ್ಕ ಚೀಲಾನ ಒಂದೊಂದು ಕಾಯಿ ಮಾಡಿ ನೋಡ್ತಾಳ.

ಹಂಗಾಗಿ ಬಿಡಿಸಿದ ತೂಕಕ್ಕಷ್ಟ ಅಲ್ಲ, ಆರಿಸಿದ ಜಾಣತನಕ್ಕೂ ಬ್ಯಾರೆ ರೊಕ್ಕ ಕೊಡಬೇಕು. ಕೈಚೀಲ, ಮಾಸ್ಕು, ಗಾಳಿ ಆಡೋ ಜಾಗ ಕೊಡಬೇಕು. ಇದು ದಾನ ಅಲ್ಲ.

ವೈನಿ, ಅಕ್ಕಾರ, ಬ್ಯಾಸಗಿಗೆ ಖಾರ ಕುಟ್ಟಸಾಕಂತ ಹಾವೇರಿ, ರಾಣೇಬೆನ್ನೂರಿಂದ ಬ್ಯಾಡಗಿಗೆ ಹೊಕ್ಕೀರಲ್ಲ, ತುಂಬು ಬಿಡಿಸಿದ ಕಾಯಿಗೆ ಕಿಲೋಕ್ಕ ಹತ್ತು ರೂಪಾಯಿ ಜಾಸ್ತಿ ಅಂದ್ರ ಮಾರಿ ಗಂಟು ಹಾಕಬ್ಯಾಡ್ರಿ. ಆದ್ರ ಆ ಹತ್ತರಾಗ ಬಿಡಿಸಿದಾಕಿ ಕೈಗೆ ಎಷ್ಟು ಹೋತು ಅಂತ ಅಂಗಡಿಯಾಂವನ್ನ ಅಲ್ಲೇ ನಿಂತು ಕೇಳ್ರಿ. ನಾಕು ಮಂದಿ ಕೇಳಿದ್ರ ಐದನೇದಾಕಿಗೆ ಉತ್ತರ ಕೊಡಾಕ ಬೇಕಾಕ್ಕೈತಿ.