ಮಾಲೀಕನ ಮೌನಕ್ಕೂ ಬಾಡಿಗೆ ತೆರಬೇಕೆ?

ಬಾಡಿಗೆದಾರನನ್ನು ಬೀದಿಗೆ ತಳ್ಳುವ ಮಾಲೀಕನ ವಿಷಯವಾಗಿ ನಮ್ಮ ನಾಡಿನಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. 1961ರಲ್ಲಿ ಬಾಡಿಗೆ ನಿಯಂತ್ರಣ ಕಾಯಿದೆ ಬಂತು. ಅದರ ಜಾಗಕ್ಕೆ 1999ರ ಬಾಡಿಗೆ ಕಾಯಿದೆ ಬಂತು. ಆದರೆ ತಾನಾಗಿಯೇ ಮನೆ ಬಿಟ್ಟು ಹೊರಟವನನ್ನು ಕಟ್ಟಿಹಾಕುವ ಮಾಲೀಕನ ಮಾತನ್ನು ಯಾರೂ ಎತ್ತುವುದಿಲ್ಲ. ನಾವು ಎತ್ತುತ್ತೇವೆ.

ಗಿರಣಿಯಲ್ಲಿ ಪಾಳಿ ಇಲ್ಲವಾಗುತ್ತದೆ, ಕೆಲಸ ಬೇರೆ ಊರಿನಲ್ಲಿ ಸಿಗುತ್ತದೆ. ವ್ಯಾಪಾರ ಕುಸಿದು ಅಂಗಡಿ ಮುಚ್ಚಬೇಕಾಗುತ್ತದೆ. ಮನೆ ಬಿಡುತ್ತೇನೆಂದು ಹೇಳಲು ಹೋದರೆ ಸಾಹುಕಾರರು ಊರಲ್ಲಿಲ್ಲ. ಫೋನು ಮಾಡಿದರೆ ಎತ್ತುವವರಿಲ್ಲ. ಕಾಗದ ಬರೆದರೆ ಉತ್ತರವಿಲ್ಲ. ಬಾಡಿಗೆ ಒಂದು ದಿನ ತಡವಾದರೆ ಬಾಗಿಲು ಬಡಿಯುವ ಈ ಮಹಾನುಭಾವರು, ಮುಂಗಡ ಹಿಂದಿರುಗಿಸಬೇಕಾದ ತಿಂಗಳಲ್ಲಿ ಮಾತ್ರ ತೀರ್ಥಯಾತ್ರೆಗೆ ಹೊರಟಿರುತ್ತಾರೆ!

ಮೌನ ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳಿದರು. ಮನೆಮಾಲೀಕನ ಮೌನ ಸುಲಿಗೆಯ ಲಕ್ಷಣವೆಂದು ನಾವು ಹೇಳುತ್ತೇವೆ. ಮುಂಗಡವೆಂದರೇನು? ದುಡಿಯುವವನು ಆಸ್ತಿವಂತನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ. ಮಾಲೀಕ ಬಾಯಿ ಬಿಡದಿದ್ದಷ್ಟು ದಿನವೂ ಆ ಹಣ ಅವನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಹೊಸ ಮನೆಯ ಮುಂಗಡಕ್ಕಾಗಿ ಕಾರ್ಮಿಕ ಬಡ್ಡಿಗೆ ಸಾಲ ಎತ್ತುತ್ತಾನೆ. ಎರಡು ತಿಂಗಳಾದ ಮೇಲೆ ಮಾಲೀಕ ಪ್ರತ್ಯಕ್ಷನಾಗಿ, "ನೀನು ನನಗೆ ಹೇಳಲೇ ಇಲ್ಲ, ಬೀಗ ನಿನ್ನದೇ ಇತ್ತು" ಎಂದು ಆ ಎರಡು ತಿಂಗಳ ಬಾಡಿಗೆಯನ್ನೂ ಸುಣ್ಣಬಣ್ಣದ ಖರ್ಚನ್ನೂ ಮುಂಗಡದಲ್ಲಿ ಮುರಿದುಕೊಳ್ಳುತ್ತಾನೆ. ಮಾತಾಡದೆ ಇದ್ದುದಕ್ಕೆ ಎರಡು ತಿಂಗಳ ಸಂಬಳ!

ಈ ವಿಷಯದಲ್ಲಿ ಕಾಯಿದೆ ಮೂಕವಾಗಿಲ್ಲ. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 106ನೆಯ ಕಲಮು, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು 15 ದಿನಗಳ ನೋಟೀಸಿನಿಂದ ಕೊನೆಗಾಣಿಸಬಹುದೆಂದು ಹೇಳುತ್ತದೆ. ಈ ಹಕ್ಕು ಮಾಲೀಕನಿಗೆ ಎಷ್ಟೋ ಬಾಡಿಗೆದಾರನಿಗೂ ಅಷ್ಟೇ. ತಯಾರಿಕೆಯ ಕೆಲಸಕ್ಕೆಂದು ಪಡೆದ ಜಾಗಕ್ಕೆ ಮಾತ್ರ ಆರು ತಿಂಗಳ ನೋಟೀಸು ಬೇಕು. ನೋಟೀಸು ತಿಂಗಳ ಕೊನೆಗೇ ಮುಗಿಯಬೇಕೆಂಬ ಹಳೆಯ ತೊಡಕನ್ನು 2002ರ ತಿದ್ದುಪಡಿ ತೆಗೆದುಹಾಕಿತು. ಈಗ ಅದು ತಲುಪಿದ ದಿನದಿಂದ ಲೆಕ್ಕ. 11 ತಿಂಗಳ ಕರಾರು ಮುಗಿದ ಮೇಲೂ ಹೊಸ ಪತ್ರವಿಲ್ಲದೆ ಮಾಲೀಕ ಬಾಡಿಗೆ ಪಡೆಯುತ್ತಿದ್ದರೆ, ವಾಸದ ಮನೆಯ ಮಟ್ಟಿಗೆ ಅದೂ ತಿಂಗಳ ಬಾಡಿಗೆಯೇ. ಆದರೆ ಕರಾರಿನ ಅವಧಿ ಇನ್ನೂ ನಡೆಯುತ್ತಿದ್ದರೆ, ನಡುವೆ ಬಿಡಲು ಅದರಲ್ಲಿ ಅವಕಾಶವಿದೆಯೇ ಎಂದು ಮೊದಲು ಓದಿಸಿಕೊಳ್ಳಿ.

ಗಮನಿಸಿ ಬಂಧುಗಳೇ: ಕಾಯಿದೆ ಕೇಳುವುದು ನೋಟೀಸನ್ನು, ಮಾಲೀಕನ ಅಪ್ಪಣೆಯನ್ನಲ್ಲ. ಅವನು ಉತ್ತರ ಕೊಡಲಿ, ಬಿಡಲಿ. ನೋಟೀಸು ಬರಹದಲ್ಲಿರಬೇಕು, ಅದಕ್ಕೆ ನಿಮ್ಮ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಅವನ ಮನೆಯಲ್ಲಿ ಮನೆಯವರ ಅಥವಾ ಆಳಿನ ಕೈಗೂ ಕೊಡಬಹುದು. ಸರಿಯಾದ ವಿಳಾಸ ಬರೆದು, ಹಣ ತೆತ್ತು, ನೋಂದಾಯಿಸಿ ಕಳಿಸಿದ ಅಂಚೆ ತಲುಪಿತೆಂದೇ 1897ರ ಸಾಮಾನ್ಯ ಖಂಡಗಳ ಕಾಯಿದೆ ಭಾವಿಸುತ್ತದೆ. ಇಲ್ಲವೆನ್ನುವವನೇ ಅದನ್ನು ರುಜುವಾತು ಮಾಡಬೇಕು. ರಿಜಿಸ್ಟರ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ. ಆದ್ದರಿಂದ ಕಳಿಸುವಾಗ ನೋಂದಣಿಯನ್ನು ಕೇಳಿ ಮಾಡಿಸಿ, ರಸೀದಿಯನ್ನು ಜೋಪಾನವಾಗಿಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ರಸೀದಿ ನ್ಯಾಯಾಲಯಕ್ಕೆ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ನೋಟೀಸು ಕೊಟ್ಟು, ಬೀಗ ಹಾಕಿ, ಬೀಗದಕೈ ಜೇಬಿನಲ್ಲಿಟ್ಟುಕೊಂಡು ಊರು ಬಿಟ್ಟರೆ ಮನೆ ಬಿಟ್ಟಂತಾಗುವುದಿಲ್ಲ. ಸ್ವಾಧೀನವನ್ನು ಒಪ್ಪಿಸುವ ಹೊಣೆ ಬಾಡಿಗೆದಾರನದು. ಇಬ್ಬರು ಸಾಕ್ಷಿಗಳೊಡನೆ ಬೀಗದಕೈ ಕೊಡಲು ಹೋಗಿ. ಅವನು ತೆಗೆದುಕೊಳ್ಳದಿದ್ದರೆ, ಇಂಥ ದಿನ ಖಾಲಿ ಮಾಡಿದ್ದೇನೆ, ಬೀಗದಕೈ ಒಪ್ಪಿಸಲು ಬಂದಿದ್ದೆ, ಈಗಲೂ ಒಪ್ಪಿಸಲು ಸಿದ್ಧನಿದ್ದೇನೆ ಎಂದು ಅಂದೇ ಮತ್ತೊಂದು ಪತ್ರ ಹಾಕಿ. ಗೋಡೆ, ನೆಲ, ವಿದ್ಯುತ್ ಮೀಟರಿನ ಚಿತ್ರಗಳನ್ನು ತೆಗೆದಿಡಿ. ಬಳಸಿದ ಮನೆ ಸಹಜವಾಗಿ ಸವೆಯುತ್ತದೆ. ಆ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು ಅದೇ ಕಾಯಿದೆಯ 108ನೆಯ ಕಲಮು ಒಪ್ಪುತ್ತದೆ. ಕರಾರಿನಲ್ಲಿ ಇಲ್ಲದ ಸುಣ್ಣಬಣ್ಣದ ಲೆಕ್ಕವನ್ನು ತಲೆಬಾಗಿ ಒಪ್ಪಬೇಡಿ.

"ಒಂದೇ ಮನೆಯ ಬಾಡಿಗೆಯಲ್ಲಿ ಬದುಕುವ ವಿಧವೆಯೂ ಮಾಲೀಕಳೇ ಅಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಹೌದು. 15 ದಿನದ ನೋಟೀಸು ಆಕೆಯ ರಕ್ಷಣೆಗೂ ಇದೆ. ಬಾಕಿ ಬಾಡಿಗೆ, ನಿಜವಾದ ನಷ್ಟ ಇವನ್ನು ಆಕೆ ಲೆಕ್ಕ ತೋರಿಸಿ ಕಳೆದುಕೊಳ್ಳಲಿ. ನಮ್ಮ ಜಗಳ ಲೆಕ್ಕ ಕೊಡುವವರೊಡನೆ ಅಲ್ಲ, ಲೆಕ್ಕ ಕೊಡದೆ ಬಚ್ಚಿಟ್ಟುಕೊಳ್ಳುವವರೊಡನೆ.

ಬಡವನಿಗೆ ಕೋರ್ಟು ದೂರ ಎಂಬ ಮಾತನ್ನೇ ಮಾಲೀಕ ನೆಚ್ಚಿಕೊಂಡಿದ್ದಾನೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಉಚಿತ ಕಾನೂನು ನೆರವಿಗೆ ಅರ್ಹರಾದವರಲ್ಲಿ ಕೈಗಾರಿಕಾ ಕಾರ್ಮಿಕರೂ ಇದ್ದಾರೆ, ಮಹಿಳೆಯರೂ ಪರಿಶಿಷ್ಟ ಜಾತಿ ಪಂಗಡದವರೂ ಇದ್ದಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಹಣ ವಸೂಲಿಯ ದಾವೆಗೆ ಮೂರು ವರ್ಷದ ಗಡುವಿದೆ. ಮಾಲೀಕನ ಮನಸ್ಸು ಕರಗೀತೆಂದು ಕಾಯುತ್ತ ಅದನ್ನು ಕಳೆಯಬೇಡಿ.

ಒಬ್ಬೊಬ್ಬರೇ ನೋಟೀಸು ಬರೆದರೆ ಸಾಲದು, ಕಾಯಿದೆಯೂ ಬದಲಾಗಬೇಕು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಕ್ಕೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಖಾಲಿ ಮನೆಯನ್ನು ವಹಿಸಿಕೊಂಡ ದಿನವೇ ನ್ಯಾಯವಾದದ್ದನ್ನು ಮುರಿದುಕೊಂಡು ಉಳಿದ ಹಣ ಹಿಂದಿರುಗಿಸಬೇಕೆನ್ನುತ್ತದೆ. ಆದರೆ ಮಾದರಿ ಬರೀ ಮಾದರಿ. ರಾಜ್ಯ ತಾನೇ ಕಾಯಿದೆ ಮಾಡದೆ ಅದು ಯಾರ ಕೈಯನ್ನೂ ಕಟ್ಟುವುದಿಲ್ಲ. ಮುಂಗಡಕ್ಕೆ ಮಿತಿ, ಹಿಂದಿರುಗಿಸಲು ದಿನ, ತಪ್ಪಿದರೆ ಬಡ್ಡಿ: ಈ ಮೂರನ್ನು ನಾವು ಕೇಳುತ್ತೇವೆ. ತಿಂಗಳ ಬಾಡಿಗೆ ತಡವಾದರೆ ನಮಗೆ ಗಡುವುಂಟು. ಮಾಲೀಕನಿಗೇಕಿಲ್ಲ?