ಬೇಡದ ಗಂಟು ನಮಗೇಕೆ?

ಸಕ್ಕರೆ ಬೇಕಾದರೆ ಬೇಡದ ಸೋಪನ್ನೂ ಕೊಳ್ಳಿರೆಂದು ಮಂಡಿ ಸಾಹುಕಾರ ಹಟ ಹಿಡಿದರೆ ನಾವು ಸುಮ್ಮನಿರುವೆವೇ? 2016ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಕಂಪನಿ ಮಾಡಿದ್ದು ಇದನ್ನೇ. ವಿಂಡೋಸ್ 7ರ ಬಿಡಿ ಅಪ್‌ಡೇಟುಗಳನ್ನು ತಿಂಗಳಿಗೊಂದು ಗಂಟಾಗಿ ಕಟ್ಟಿತು. ಆರಿಸಿಕೊಳ್ಳುವ ಹಕ್ಕು ಹೋಯಿತು. ಬರೀ ಭದ್ರತೆಯ ಗಂಟೊಂದು ಬೇರೆ ಇತ್ತು, ನಿಜ. 2019ರ ಜುಲೈನಲ್ಲಿ ಅದರೊಳಗೂ ಯಂತ್ರದ ವಿವರ ಕಲೆಹಾಕುವ ಸಾಧನವನ್ನು ತುರುಕಿದರು. 2020ರ ಜನವರಿ 14ಕ್ಕೆ ಉಚಿತ ಭದ್ರತೆಯೂ ನಿಂತಿತು.

ಹಾಗೆಂದು ಅಪ್‌ಡೇಟೇ ಬೇಡವೆನ್ನುವುದು ಕಳ್ಳನಿಗೆ ಬಾಗಿಲು ತೆರೆದಂತೆ. ಹಳೆಯ ಯಂತ್ರದಲ್ಲಿ ಲೆಕ್ಕವಿಡುವ ವ್ಯಾಪಾರಿ ಬಂಧುಗಳು ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡದಿರಲಿ. ಇಲ್ಲವೇ ಬಿಟ್ಟಿಯಾಗಿ ದೊರೆಯುವ ಲಿನಕ್ಸ್ ಹಾಕಿಸಲಿ. ದುಡಿದ ಕಾಸಿನಿಂದ ಕೊಂಡ ಯಂತ್ರ ನಮ್ಮದು. ಅದರೊಳಕ್ಕೆ ಏನು ಬರಬೇಕು, ಅದರಿಂದ ಏನು ಹೊರಗೆ ಹೋಗಬೇಕು ಎಂದು ತೀರ್ಮಾನಿಸಬೇಕಾದವರೂ ನಾವೇ.